ಇನ್ನು ಮೂರೇ ಗಂಟೆ ಎಂದವರಿಗೆ

ತಾಂಜಾನಿಯಾಕ್ಕೆ ಬಂದು ಇಂದಿಗೆ 40 ದಿನ. ಕಿಲಿಮಂಜಾರೋ ತಪ್ಪಲಿನ ಮರಂಗು ಬಳಿಯ ಪ್ರೌಢಶಾಲೆಯಲ್ಲಿ ಸೋಮವಾರದಿಂದ ಗಣಿತ ಪಾಠ ಮಾಡುತ್ತಿದ್ದೇನೆ. ಬಂದ ವಾರವೇ ಆರಂಭವಾಗಬೇಕಿದ್ದ ಕೆಲಸ, ನಾನು ಜ್ವರದಿಂದ ಮಲಗಿ ಆಸ್ಪತ್ರೆ ಸೇರಿದ್ದರಿಂದ ತಡವಾಯಿತೆಂಬುದು ನಿಮಗೆಲ್ಲ ಗೊತ್ತು. ಅದರ ವಿವರ ಮತ್ತೆ ಬರೆಯುವುದಿಲ್ಲ.

ಟಿಕೆಟ್ಟಿಗೆ ಹಣ ಕೂಡಿಸಿಕೊಟ್ಟ ಬೆಂಗಳೂರಿನ ಗೆಳೆಯರು, ಆಸ್ಪತ್ರೆಗೆ ಕರೆದೊಯ್ದ ಮುಖ್ಯೋಪಾಧ್ಯಾಯರು, ಮೋಶಿ ಪೇಟೆಯಿಂದ ಬೇಳೆ, ಜೀರಿಗೆ ಕಳುಹಿಸಿದ ಗುಜರಾತಿ ಅಂಗಡಿಯವರು, ನಿಮಗೆಲ್ಲರಿಗೂ ಕೈಮುಗಿಯುತ್ತೇನೆ.

ಆದರೆ ಈ ಬರಹ ನಾನು ಉಳಿದುಕೊಂಡಿರುವ ಮನೆಯೊಡತಿಗೆ ಸಲ್ಲಬೇಕು. ಇಲ್ಲಿ ತಾಯಂದಿರನ್ನು ‘ಮಾಮಾ’ ಎಂದು ಮಗುವಿನ ಹೆಸರು ಸೇರಿಸಿ ಕರೆಯುತ್ತಾರೆ. ನನಗೆ ಅವರು ಬರಿಯ ಮಾಮಾ.

ಜ್ವರ ಏರಿದ ಆ ರಾತ್ರಿ ಕರೆಂಟು ಇರಲಿಲ್ಲ. ಮೊಬೈಲ್ ಆರಿಹೋಗಿತ್ತು. ಮಳೆಯಲ್ಲಿ ಬೆಳಗಾಗುವವರೆಗೆ ವಾಹನ ಮೇಲೆ ಬರುವಂತಿರಲಿಲ್ಲ. ಮಾಮಾ ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲೇ ಕುಳಿತಿದ್ದರು. ಎಚ್ಚರವಾದಾಗಲೆಲ್ಲ ಗಂಟೆ ಎಷ್ಟೆಂದು ಕೇಳುತ್ತಿದ್ದೆ. ಸ್ವಾಹಿಲಿಯಲ್ಲಿ ಹೊತ್ತು ಮುಳುಗಿದಲ್ಲಿಂದ ಹೊಸ ಎಣಿಕೆ; ನಮ್ಮ ರಾತ್ರಿ ಏಳು ಅವರಿಗೆ ಒಂದು. ‘ಸಾ ಸಿತಾ’ ಎಂದರು: ಆರು, ಅಂದರೆ ನಡುರಾತ್ರಿ. ಎಷ್ಟೋ ಹೊತ್ತಿನ ಮೇಲೆ ‘ಸಾ ತಿಸಾ’: ಒಂಬತ್ತು. ನನ್ನ ಲೆಕ್ಕದಲ್ಲಿ ಬೆಳಗಿನ ಜಾವದ ಮೂರು. ಹನ್ನೆರಡಕ್ಕೆ ಬೆಳಕು ಹರಿಯುತ್ತದೆ ಎಂದು ಕಿಟಕಿಯತ್ತ ಕೈಮಾಡಿ, ಮೂರು ಬೆರಳು ತೋರಿಸಿದರು. ಇನ್ನು ಮೂರೇ.

ನಡುನಡುವೆ ‘ಪೋಲೆ, ಪೋಲೆ ಸಾನಾ’ ಎನ್ನುತ್ತಿದ್ದರು. ಇನ್ನೊಬ್ಬರ ನೋವು ಕಂಡಾಗ ಆಡುವ ಮಾತು. ನಮ್ಮ ‘ಅಯ್ಯೋ ಪಾಪ’ವನ್ನು ಹೆಚ್ಚಾಗಿ ನೊಂದವರ ಬೆನ್ನ ಹಿಂದೆ ಹೇಳುತ್ತೇವೆ, ಪೋಲೆಯನ್ನು ಮುಖ ನೋಡಿಯೇ ಹೇಳುತ್ತಾರೆ.

ಸತ್ತೇ ಹೋಗುತ್ತೇನೆ ಎಂದುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಸೇವೆಗೆಂದು ಬಂದವಳು ಈ ಮನೆಗೆ ಹೊರೆಯಾದೆನಲ್ಲ ಎಂಬ ಸಂಕಟ. ಕನ್ನಡದಲ್ಲಿ ಅಮ್ಮನನ್ನು ಕರೆದು ಅತ್ತೆ. ಆ ಭಾಷೆ ಬಾರದ ಮಾಮಾ ‘ಅಮ್ಮ’ ಎಂಬುದಕ್ಕೆ ಮಾತ್ರ ಓಗೊಟ್ಟರು.

ಆಸ್ಪತ್ರೆಯಿಂದ ಮರಳಿದ ದಿನ ಅವರು ಲೋಟದಲ್ಲಿ ತಂದುಕೊಟ್ಟ ‘ಊಜಿ’ಯ ವಾಸನೆಗೇ ಗೊತ್ತಾಯಿತು, ರಾಗಿ ಗಂಜಿ! ಸ್ವಲ್ಪ ಸಕ್ಕರೆ, ಸ್ವಲ್ಪ ನಿಂಬೆ. ರಾಗಿ ಮೊದಲು ಬೇಸಾಯಕ್ಕೆ ಬಂದದ್ದು ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಲ್ಲಿ ಎಂದು ಓದಿದ್ದೆ. ತುಮಕೂರಿನವಳಾದ ನಾನು ಅದನ್ನು ಅದರ ತವರಿನಲ್ಲೇ ಕುಡಿದೆ. ಎರಡು ಲೋಟ.

ಈಗ ಚೆನ್ನಾಗಿದ್ದೇನೆ. ಬೆಳಿಗ್ಗೆ ಹೊರಡುವಾಗ ‘ಶಿಕಮೋ’ ಎಂದು ಮಾಮಾಗೆ ನಮಸ್ಕರಿಸುತ್ತೇನೆ. ಅವರು ‘ಮರಹಬಾ’ ಎಂದು ಒಪ್ಪಿಸಿಕೊಳ್ಳುತ್ತಾರೆ.

ಅವರೊಡನೆ ಮಾತನಾಡಬೇಕೆಂದು ಅಮ್ಮ ಹಟ ಹಿಡಿದಿದ್ದಾಳೆ. ‘ಅಸಾಂತೆ ಸಾನಾ, ದಾದಾ’ ಎಂದು ಕಲಿಸಿದ್ದೇನೆ: ತುಂಬಾ ಧನ್ಯವಾದ, ಅಕ್ಕಾ. ಭಾನುವಾರ ವಿಡಿಯೊ ಕರೆ ಇದೆ. ಅಮ್ಮ ಆ ಮೂರು ಪದಗಳನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡಿದ್ದಾಳಂತೆ.