ಕಂಪ್ಯೂಟರ್ ಮಾರಬೇಡಿ, ಎಸ್‌ಎಂಪಿಎಸ್ ಬದಲಿಸಿ

ಡ್ರೆಸ್ಡೆನ್, ಜರ್ಮನಿ
ಜುಲೈ 19

ಅಪ್ಪ, ಅಮ್ಮನಿಗೆ ಮಗಳ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮಳೆ ಜೋರು, ಸೋಮವಾರಪೇಟೆ ಕಡೆ ಲೈನ್ ಮೇಲೆ ಮರ ಬಿದ್ದು ಕರೆಂಟ್ ಇಲ್ಲ ಅಂತ ತಮ್ಮ ಮೆಸೇಜ್ ಮಾಡಿದ್ದ. ಮೊನ್ನೆ ಫೋನಿನಲ್ಲಿ ನಿಮ್ಮ ಮಾತು ಅರ್ಧಂಬರ್ಧ ಕೇಳಿಸಿತು. ಅದಕ್ಕೇ ಎಲ್ಲ ಬರೆದು ಕಳಿಸುತ್ತಿದ್ದೇನೆ. ಸಿಗ್ನಲ್ ಬಂದಾಗ ಅವನೇ ಓದಿ ಹೇಳಲಿ.

ಅಪ್ಪ, ಆ ಕಂಪ್ಯೂಟರನ್ನು ಮಾತ್ರ ಮಾರಬೇಡಿ. "ಮದರ್‌ಬೋರ್ಡ್ ಹೋಗಿದೆ, ಹೊಸದೇ ತಗೊಳ್ಳಿ" ಅಂದರಂತೆ ಅಂಗಡಿಯವರು. ಮುಚ್ಚಳವನ್ನೂ ತೆಗೆಯದೆ ಅದು ಹೇಗೆ ಗೊತ್ತಾಯಿತೋ! ನನಗೆ ಅನುಮಾನ ಎಸ್‌ಎಂಪಿಎಸ್ ಮೇಲೆ. ಕ್ಯಾಬಿನೆಟ್ ಹಿಂದೆ ಪವರ್ ಕಾರ್ಡ್ ಚುಚ್ಚುತ್ತೀರಲ್ಲ, ಆ ಫ್ಯಾನ್ ಇರುವ ತಗಡಿನ ಡಬ್ಬಿ. ಕಂಪ್ಯೂಟರಿನ ಎಲ್ಲ ಭಾಗಗಳಿಗೂ ಬೇಕಾದ ಕರೆಂಟ್ ಕೊಡುವುದು ಅದೇ.

ನೀವು ಹೇಳಿದ್ದನ್ನೇ ನೋಡಿ. ತೋಟದ ಲೆಕ್ಕ ಬರೆಯುವಾಗ ಏನೂ ತೊಂದರೆ ಇಲ್ಲ. ತಮ್ಮ ಗೇಮ್ ಶುರು ಮಾಡಿದ ಕೂಡಲೇ ಪಟ್ ಅಂತ ಆಫ್. ಚಳಿ ಇರುವ ಬೆಳಿಗ್ಗೆ ಒಂದೇ ಸಲಕ್ಕೆ ಆನ್ ಆಗಲ್ಲ, ಮತ್ತೆ ಮತ್ತೆ ಒತ್ತಿದ ಮೇಲೆ ಹೇಗೋ ಆಗುತ್ತೆ. ಇದು ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್ ಒಣಗಿದಾಗ ಕಾಣುವ ಲಕ್ಷಣ. ಕೆಪಾಸಿಟರ್ ಅಂದರೆ ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಟ್ಟು ಏರಿಳಿತ ತಗ್ಗಿಸುವ ಬಿಡಿಭಾಗ, ಅದರೊಳಗೆ ಒಂದು ದ್ರವ ಇರುತ್ತೆ. ಬಿಸಿಗೆ ವರ್ಷಾನುಗಟ್ಟಲೆ ನಿಧಾನಕ್ಕೆ ಆರುತ್ತೆ. ಚಳಿಯಲ್ಲಿ ಅದರ ಕೈಲಿ ಇನ್ನೂ ಆಗಲ್ಲ, ಸ್ವಲ್ಪ ಬೆಚ್ಚಗಾದರೆ ಹೇಗೋ ಕೆಲಸ ಮಾಡುತ್ತೆ. ರ‍್ಯಾಮ್ ಹೋಗಿದ್ದರೆ ಸಾಮಾನ್ಯವಾಗಿ ನೀಲಿ ಪರದೆ ಬಂದು ಏನಾದರೂ ಬರೆದಿರುತ್ತೆ. ಪ್ರೊಸೆಸರ್ ಬಿಸಿಯಾಗಿದ್ದರೆ ಫ್ಯಾನ್ ಸ್ವಲ್ಪ ಹೊತ್ತು ಅರಚಿ ಆಮೇಲೆ ಆಫ್ ಆಗುತ್ತೆ. ನಮ್ಮದರಲ್ಲಿ ಎರಡೂ ಇಲ್ಲ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ "ಕರ್ನಲ್ ಪವರ್ 41" ಅಂತ ಸಾಲುಸಾಲು ಇದೆ ಅಂತ ತಮ್ಮ ಹೆದರಿದ್ದಾನೆ. ಸರಿಯಾಗಿ ಶಟ್‌ಡೌನ್ ಆಗದೆ ನಿಂತುಹೋಯಿತು ಅಂತಷ್ಟೇ ಅದರ ಅರ್ಥ. ಕರೆಂಟ್ ಹೋದರೂ ಅದೇ ಬರುತ್ತೆ.

ಹೋದ ಚಳಿಗಾಲದಲ್ಲಿ ಇಲ್ಲಿ ನನ್ನ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ಕೂಡ ಇದೇ ಆಟ ಆಡಿತ್ತು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರ್‌ಗೆ ಕಡ್ಡಿ ಚುಚ್ಚಿದೆ. ಕಪ್ಪು ಕಡ್ಡಿ ಕಪ್ಪು ವೈರಿಗೆ, ಕೆಂಪು ಕಡ್ಡಿ ಹಳದಿ ವೈರಿಗೆ. ಹಳದಿ 12 ವೋಲ್ಟ್, ಕೆಂಪು 5. ಸುಮ್ನೆ ಇದ್ದಾಗ 12.1 ತೋರಿಸಿತು. ಗ್ರಾಫಿಕ್ಸ್ ಜಾಸ್ತಿ ಇರುವ ಪ್ರೋಗ್ರಾಂ ಹಾಕಿದೆ. ಅಂಕಿ 11.8ಕ್ಕೆ ಬಂತು, 11.5, ಆಮೇಲೆ 11.2. ಅಷ್ಟರಲ್ಲಿ ಪರದೆ ಕಪ್ಪಾಯಿತು. ನಿಯಮದ ಪ್ರಕಾರ ಹೆಚ್ಚುಕಮ್ಮಿ ಶೇಕಡಾ 5ರ ಒಳಗೆ ಇರಬೇಕು, ಅಂದರೆ 11.4ರಿಂದ 12.6. ಅದಕ್ಕಿಂತ ಕೆಳಗಿಳಿದರೆ ಡಬ್ಬಿಗೆ ಶಕ್ತಿ ಇಲ್ಲ ಅಂತಲೇ ಲೆಕ್ಕ.

ನಮ್ಮ ಹಳೇ ಪಂಪ್‌ಸೆಟ್ ನೆನಪು ಮಾಡಿಕೊಳ್ಳಿ. ಕಾಫಿ ಹೂವಿಗೆ ನೀರು ಹಾಯಿಸುವಾಗ ನೀರು ಚಿಮ್ಮಿಸುವ ಜೆಟ್ ಒಂದು ಹಾಕಿದರೆ ಚೆನ್ನಾಗಿ ತಿರುಗುತ್ತಿತ್ತು, ಆರು ಹಾಕಿದರೆ ಯಾವುದೂ ತಿರುಗುತ್ತಿರಲಿಲ್ಲ ಅಲ್ವಾ? ಒಂದು ಜೆಟ್ ನೋಡಿ "ಮೋಟರ್ ಚೆನ್ನಾಗಿದೆ" ಅಂದರೆ ನೀವು ಒಪ್ಪುತ್ತಿದ್ದಿರಾ? ರಿಪೇರಿಯವರು ಮಾಡುವುದು ಅದನ್ನೇ. ಹಸಿರು ವೈರಿಗೂ ಕಪ್ಪು ವೈರಿಗೂ ತುಂಡು ತಂತಿ ಕೊಡುತ್ತಾರೆ, ಫ್ಯಾನ್ ತಿರುಗುತ್ತೆ, "ಎಸ್‌ಎಂಪಿಎಸ್ ಓಕೆ ಸಾರ್" ಅನ್ನುತ್ತಾರೆ. ಲೋಡ್ ಬಿದ್ದಾಗ ಅಳೆಯಬೇಕು. ಅಳತೆ ಸರಿ ಬಂದರೂ ಪೂರ್ತಿ ನಂಬುವ ಹಾಗಿಲ್ಲ, ಒಳಗಿನ ಏರಿಳಿತ ಮಲ್ಟಿಮೀಟರಿಗೆ ಕಾಣಲ್ಲ. ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಅಂದರೆ ಚಿಕ್ಕಪ್ಪನ ಮನೆ ಕಂಪ್ಯೂಟರಿನ ಎಸ್‌ಎಂಪಿಎಸ್ ಒಂದು ದಿನಕ್ಕೆ ತಂದು ಹಾಕಿ ನೋಡುವುದು. ಚಿಕ್ಕಮ್ಮನ ಹತ್ತಿರ ಅಮ್ಮನೇ ಕೇಳಲಿ, ಆಗ ಇಲ್ಲ ಅನ್ನಲ್ಲ.

ಡಬ್ಬಿಯ ಲೇಬಲ್ ಫೋಟೋ ಬಂತು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್! ಆದರೆ ಕೆಳಗೆ ಚಿಕ್ಕದಾಗಿ 12 ವೋಲ್ಟಿಗೆ 16 ಆಂಪ್ಸ್ ಅಂತಿದೆ. ಗುಣಿಸಿದರೆ 192 ವ್ಯಾಟ್. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ಮುಖ್ಯವಾಗಿ 12 ವೋಲ್ಟಿನ ಮೇಲೇ ನಡೆಯುವುದು. ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದಿದ್ದು ಬೇರೆ. ಹೊಸದು ತಗೊಳ್ಳುವಾಗ 12 ವೋಲ್ಟಿಗೆ ಎಷ್ಟು ಆಂಪ್ಸ್ ಅಂತಲೇ ಕೇಳಿ. 450 ವ್ಯಾಟಿನ ಒಳ್ಳೆಯದಾದರೆ 30ರ ಮೇಲೇ ಇರುತ್ತೆ. 80 ಪ್ಲಸ್ ಗುರುತು ಇರಲಿ, ಕರೆಂಟ್ ಕಮ್ಮಿ ವ್ಯರ್ಥ ಮಾಡುತ್ತೆ ಅಂತ ಅದರ ಅರ್ಥ. 3000 ರೂಪಾಯಿ ಆಸುಪಾಸಿನಲ್ಲಿ ಮುಗಿಯಬೇಕು. ಕುಶಾಲನಗರದಲ್ಲಿ ಸಿಗದಿದ್ದರೆ ಮೈಸೂರಿನಿಂದ ತರಿಸಿ.

ಇನ್ನೊಂದು ವಿಷಯ, ನಮ್ಮೂರಿಗೆ ಇದು ಮುಖ್ಯ. 80 ಪ್ಲಸ್ ಇರುವ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅಂತ, ಲೈನಿನಿಂದ ಕರೆಂಟನ್ನು ಸಮನಾಗಿ ಎಳೆದುಕೊಳ್ಳುವ ಒಂದು ಸರ್ಕ್ಯೂಟ್ ಇರುತ್ತೆ. ಅಗ್ಗದ ಸ್ಕ್ವೇರ್ ವೇವ್ ಯುಪಿಎಸ್, ಇನ್ವರ್ಟರ್‌ಗಳ ಜೊತೆ ಕೆಲವು ಹೊಂದಿಕೊಳ್ಳಲ್ಲ. ಕರೆಂಟ್ ಹೋದ ತಕ್ಷಣ ಕಂಪ್ಯೂಟರೂ ಆಫ್ ಆಗಿಬಿಡುತ್ತೆ. ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಮನೆಯಲ್ಲಿ ಅದು ಆಗಬಾರದು. ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು ಆದರೆ ತೊಂದರೆ ಇಲ್ಲ. ನಮ್ಮದು ಯಾವುದು ಅಂತ ಇನ್ವರ್ಟರ್ ಮೇಲೇ ಬರೆದಿರುತ್ತೆ. ದುಡ್ಡು ಕೊಡುವ ಮೊದಲು ಫೋಟೋ ಕಳಿಸಿ.

ಬದಲಿಸುವ ಕೆಲಸ ತಮ್ಮನೇ ಮಾಡಲಿ, ಕಷ್ಟ ಇಲ್ಲ. ಪ್ಲಗ್ ಕಿತ್ತು ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಬೇಕು. ವೈರುಗಳ ಫೋಟೋ ತೆಗೆದುಕೊಳ್ಳಬೇಕು. 24 ಪಿನ್ನಿನದು ಮದರ್‌ಬೋರ್ಡಿಗೆ, 4 ಅಥವಾ 8 ಪಿನ್ನಿನದು ಪ್ರೊಸೆಸರ್ ಪಕ್ಕ, ಚಪ್ಪಟೆಯದು ಹಾರ್ಡ್‌ಡಿಸ್ಕಿಗೆ, ಹಿಂದೆ ನಾಲ್ಕು ಸ್ಕ್ರೂ. ಯಾವುದನ್ನೂ ಬಲವಂತವಾಗಿ ತುರುಕಬಾರದು. ತಮ್ಮಾ, ನಿನಗೆ ಒಂದೇ ಮಾತು: ಹಳೇ ಡಬ್ಬಿ ಬಿಚ್ಚಬೇಡ. ಪ್ಲಗ್ ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು. ನಿನ್ನ ಕುತೂಹಲ ನನಗೆ ಗೊತ್ತು.

ಅಮ್ಮಾ, ಒರೆಸುವಾಗ ಕ್ಯಾಬಿನೆಟ್ ಮುಟ್ಟಿದರೆ ಜುಂ ಅನ್ನುತ್ತೆ ಅಂದೆಯಲ್ಲ, ಹೊಸ ಎಸ್‌ಎಂಪಿಎಸ್ ಹಾಕಿದರೂ ಅದು ಹೋಗಲಿಕ್ಕಿಲ್ಲ. ಒಳಗಿನ ಫಿಲ್ಟರಿನಿಂದ ಚೂರು ಕರೆಂಟ್ ತಗಡಿಗೆ ಬಂದೇ ಬರುತ್ತೆ. ಅರ್ಥಿಂಗ್ ಸರಿ ಇದ್ದರೆ ಅದು ನೆಲಕ್ಕೆ ಹೋಗುತ್ತೆ. ಆ ಪಾಯಿಂಟಿಗೆ ಅರ್ಥ್ ವೈರ್ ಬಂದಿದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಹತ್ತಿರ ನೋಡಿಸಿ. ಅಲ್ಲಿಯವರೆಗೆ ಪ್ಲಗ್ ತೆಗೆದೇ ಒರೆಸು.

ಆಟಿ ಸೊಪ್ಪಿನ ಪಾಯಸ ಮಾಡಿದ ದಿನ ವಿಡಿಯೋ ಕಾಲ್ ಮಾಡಿ, ನೋಡಿಯಾದರೂ ಸಮಾಧಾನ ಮಾಡಿಕೊಳ್ಳುತ್ತೇನೆ. ಎಸ್‌ಎಂಪಿಎಸ್ ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ. ಅದು ಬೈಕಿನ ಪೆಟ್ರೋಲ್ ಆಗದ ಹಾಗೆ ನೋಡಿಕೊಳ್ಳಿ ಅಪ್ಪ.

ಇಂತಿ,
ನಿಮ್ಮ ಮಗಳು