ಭಾನುವಾರದ ಪ್ರವಾಸ: ಸೋಮನಾಥಪುರ, ತಲಕಾಡು, ಭರಚುಕ್ಕಿ

ಎಲ್ಲರಿಗೂ ನಮಸ್ಕಾರ. ಹೆಸರು ಕೊಟ್ಟವರೆಲ್ಲ ಗಮನಿಸಿ. ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಮೈಸೂರು ರೈಲ್ವೆ ನಿಲ್ದಾಣದ ಎದುರಿನಿಂದ ಎರಡು ಬಾಡಿಗೆ ಇನ್ನೋವಾ ಹೊರಡುತ್ತವೆ. ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ. ಡ್ರೈವರ್ ಬಾಟಾ, ಪಾರ್ಕಿಂಗ್ ಬೇರೆ. ಒಟ್ಟು ಖರ್ಚನ್ನು ಸಂಜೆ ಸಮನಾಗಿ ಹಂಚಿಕೊಳ್ಳೋಣ.

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಜಾಸ್ತಿ ಹೊತ್ತು ಇಟ್ಟಿದ್ದೇವೆ. ಹೊಯ್ಸಳರ ಆ ಕೆತ್ತನೆಯನ್ನು ಓಡುತ್ತಾ ನೋಡೋಕಾಗಲ್ಲ ಅಲ್ವಾ? ತಲಕಾಡಿನಲ್ಲಿ ಮರಳಿನ ಮೇಲೆ ನಡೆಯುವುದಿದೆ, ಬಿಸಿಲೇರಿದರೆ ಕಾಲು ಸುಡುತ್ತದೆ. ಹಿರಿಯರು ಟೋಪಿ, ನೀರು ತನ್ನಿ. ಊಟ ಅಲ್ಲೇ.

ಕಬಿನಿ, ಕೆಆರ್‌ಎಸ್‌ನಿಂದ ನೀರು ಬಿಟ್ಟಿದ್ದರೆ ಭರಚುಕ್ಕಿ ಜಲಪಾತ ನೋಡಲು ಬಲು ಚೆಂದ. ಆದರೆ ಎಲ್ಲೂ ಹೊಳೆಗೆ ಇಳಿಯಬೇಡಿ. ಸುಳಿ, ಆಳ ಮೇಲಿಂದ ಗೊತ್ತಾಗುವುದಿಲ್ಲ. ಮಕ್ಕಳ ಕೈ ಬಿಡಬೇಡಿ, ದಯವಿಟ್ಟು.

ಬರುವವರು, ಎಷ್ಟು ಜನ, ಎಲ್ಲಿ ಹತ್ತುತ್ತೀರಿ ಎಂದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ತಿಳಿಸಿ. ಆಮೇಲೆ ಗಾಡಿ ಬದಲಿಸುವುದು ಕಷ್ಟ.