ಫ್ಯಾಟ್ ಬೈಕ್ ಕೊಳ್ಳುವ ಮುನ್ನ ನೆಲವನ್ನು ನೋಡಿ

ಮಾನ್ಯ ಸಂಪಾದಕರೇ,

ದಪ್ಪ ಟೈರಿನ ಫ್ಯಾಟ್ ಬೈಕ್ ಒಂದಿದ್ದರೆ ದಿನನಿತ್ಯದ ಓಡಾಟವೂ ನಡೆಯುತ್ತದೆ, ಸ್ಪರ್ಧೆಗೂ ಇಳಿಯಬಹುದು ಎಂಬ ಮಾತು ಸೈಕಲ್ ಪ್ರಿಯರ ನಡುವೆ ಪದೇ ಪದೇ ಕೇಳಿಬರುತ್ತಿದೆ. ಅಂಥದೊಂದು ಸೈಕಲ್ಲನ್ನು ಹದಿನಾಲ್ಕು ತಿಂಗಳ ಕಾಲ ಕೆಲಸಕ್ಕೆ ಹೋಗಿಬರಲು ತುಳಿದವನಾಗಿ, ಅದರಲ್ಲೇ ಎರಡು ಸ್ಪರ್ಧೆಗಳಲ್ಲಿ ಭಾಗವಹಿಸಿದವನಾಗಿ, ಈ ಮಾತನ್ನು ಅರ್ಧ ಮಾತ್ರ ಒಪ್ಪುತ್ತೇನೆ. ‘ಬೈಕ್’ ಎಂದೊಡನೆ ಕನ್ನಡದ ಓದುಗರಿಗೆ ಮೋಟಾರು ಸೈಕಲ್ಲೇ ನೆನಪಾಗುವುದರಿಂದ, ನಾನು ಹೇಳುತ್ತಿರುವುದು ಎಂಜಿನ್ನಾಗಲಿ ಬ್ಯಾಟರಿಯಾಗಲಿ ಇಲ್ಲದ, ಕಾಲಿನ ಬಲದಿಂದಲೇ ಓಡುವ ಸೈಕಲ್ಲಿನ ಬಗ್ಗೆ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ಈ ಸೈಕಲ್ ಹುಟ್ಟಿದ್ದು ರಸ್ತೆಗಾಗಿ ಅಲ್ಲ. ಅಲಾಸ್ಕಾದ ಹಿಮದ ಹಾದಿಯಲ್ಲಿ 1987ರಲ್ಲಿ ಇಡಿಟಾಬೈಕ್ ಎಂಬ ಸ್ಪರ್ಧೆ ಆರಂಭವಾದ ಮೇಲೆ, ಸಾಮಾನ್ಯ ಟೈರುಗಳು ಹಿಮದಲ್ಲಿ ಹೂತು ಸೈಕಲ್ಲನ್ನು ತಳ್ಳಿಕೊಂಡೇ ಹೋಗಬೇಕಾದ ಪಾಡನ್ನು ಕಂಡ ಸವಾರರು, ಎರಡು ರಿಮ್‌ಗಳನ್ನು ಜೋಡಿಸಿ ಬೆಸೆದು ಅಗಲ ಮಾಡಿಕೊಳ್ಳುವ ಪ್ರಯೋಗಕ್ಕೂ ಕೈಹಾಕಿದರು. ಮರಳಿನ ಮೇಲೆ ಓಡಿಸಲು ಇಂಥದೇ ಪ್ರಯತ್ನಗಳು ನ್ಯೂ ಮೆಕ್ಸಿಕೊದಲ್ಲಿ ಬೇರೆಯಾಗಿ ನಡೆದವು. 2005ರಲ್ಲಿ ಅಮೆರಿಕದ ಸರ್ಲಿ ಎಂಬ ಸೈಕಲ್ ಕಂಪನಿಯು ‘ಪಗ್ಸ್ಲೆ’ ಎಂಬ ಮಾದರಿಯನ್ನು ಮಾರುಕಟ್ಟೆಗೆ ತಂದ ನಂತರವೇ ಇದು ಹವ್ಯಾಸಿಗಳ ಕಾರ್ಯಾಗಾರದಿಂದ ಹೊರಬಂದು ಅಂಗಡಿಗಳನ್ನು ತಲುಪಿತು. ಹಿಮ ಮತ್ತು ಮರಳು ಎರಡೂ ಚಕ್ರದ ಭಾರಕ್ಕೆ ಕುಸಿಯುವ ನೆಲಗಳು. ಫ್ಯಾಟ್ ಬೈಕಿನ ಒಂದೊಂದು ಅಂಗವೂ ಕುಸಿಯುವ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿರುವುದರಿಂದ, ಕುಸಿಯದ ನೆಲದ ಮೇಲೆ ಅದೇ ಅಂಗಗಳು ನಮಗೆ ಹೊರೆಯಾಗುತ್ತವೆ. ನನ್ನ ಈ ಪತ್ರದ ತಕರಾರು ಇಷ್ಟೇ.

ಎಲ್ಲದರ ಮೂಲ ಇರುವುದು ಟೈರಿನೊಳಗಿನ ಗಾಳಿಯಲ್ಲಿ. ಸವಾರ ಮತ್ತು ಸೈಕಲ್ ಸೇರಿ 100 ಕಿಲೋ, ಅಂದರೆ ಸುಮಾರು 220 ಪೌಂಡ್ ಇದೆ ಎಂದುಕೊಳ್ಳೋಣ. ಟೈರುಗಳಲ್ಲಿ ಪ್ರತಿ ಚದರ ಅಂಗುಲಕ್ಕೆ 10 ಪೌಂಡ್, ಎಂದರೆ 10 ಪಿಎಸ್ಐ ಒತ್ತಡವಿದ್ದರೆ ಎರಡೂ ಚಕ್ರಗಳು ಸೇರಿ ಹೆಚ್ಚುಕಡಿಮೆ 22 ಚದರ ಅಂಗುಲದಷ್ಟು ನೆಲವನ್ನು ಒತ್ತಿಹಿಡಿಯುತ್ತವೆ; 80 ಪಿಎಸ್ಐ ಇರುವ ಸಪೂರ ಟೈರುಗಳಾದರೆ ಮೂರು ಚದರ ಅಂಗುಲವನ್ನೂ ಮುಟ್ಟುವುದಿಲ್ಲ. ಮರಳಿನಲ್ಲಿ ಒಂದು ತೇಲುವುದಕ್ಕೆ, ಇನ್ನೊಂದು ಹೂಳುವುದಕ್ಕೆ ಇದೇ ಕಾರಣ. ಸಡಿಲ ಹಿಮದಲ್ಲಿ ಅನುಭವಿಗಳು ಒತ್ತಡವನ್ನು 5 ಪಿಎಸ್ಐಗೂ ಇಳಿಸುತ್ತಾರೆ. ಹಾಗಿದ್ದರೆ ಗಟ್ಟಿ ರಸ್ತೆಗೆ ಬಂದಾಗ 60 ಪಿಎಸ್ಐ ತುಂಬಿಸಿದರಾಯಿತಲ್ಲ ಎಂದು ನನ್ನ ಸಹೋದ್ಯೋಗಿಯೊಬ್ಬರು ಕೇಳಿದ್ದರು. ಅದು ಸಾಧ್ಯವಿಲ್ಲ. ಟೈರಿನ ಗೋಡೆಯ ಮೇಲೆ ಬೀಳುವ ಎಳೆತವು ಒತ್ತಡದ ಜೊತೆಗೆ ಟೈರಿನ ಅಗಲಕ್ಕೂ ತಕ್ಕಂತೆ ಏರುತ್ತದೆ. ನಾಲ್ಕು ಅಂಗುಲದ ಟೈರಿಗೆ 20 ಪಿಎಸ್ಐ ಎಂದರೆ ಒಂದು ಅಂಗುಲದ ಟೈರಿಗೆ 80 ಪಿಎಸ್ಐ ತುಂಬಿಸಿದಷ್ಟೇ ಎಳೆತ. ಆದ್ದರಿಂದಲೇ ಫ್ಯಾಟ್ ಬೈಕಿನ ಟೈರುಗಳ ಮೇಲೆ ನಮೂದಿಸಿರುವ ಗರಿಷ್ಠ ಒತ್ತಡ ಸಾಮಾನ್ಯವಾಗಿ 20ರಿಂದ 30ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಡಾಂಬರಿನ ಮೇಲೆ ಟೈರು ಪ್ರತಿ ಸುತ್ತಿನಲ್ಲೂ ಚಪ್ಪಟೆಯಾಗಿ ಮತ್ತೆ ಉಬ್ಬುತ್ತ, ನಾವು ತುಳಿದ ಶಕ್ತಿಯ ಒಂದು ಪಾಲನ್ನು ಶಾಖವಾಗಿ ಕಳೆದುಬಿಡುತ್ತದೆ. ಗಾಳಿ ತೀರಾ ಕಡಿಮೆಯಿದ್ದರೆ ಹ್ಯಾಂಡಲ್ ತಾನಾಗಿಯೇ ಒಂದು ಬದಿಗೆ ಎಳೆಯತೊಡಗುತ್ತದೆ. ಮೊದಲ ವಾರ ಇದನ್ನು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಕವಲಿನ ದೋಷವೆಂದೇ ನಾನು ತಿಳಿದಿದ್ದೆ.

ದಿನನಿತ್ಯದ ಸವಾರಿಯ ವಿಷಯಕ್ಕೆ ಬಂದರೆ, ನನ್ನ ದಾರಿ ಒಂದು ಕಡೆಗೆ 11 ಕಿಲೋಮೀಟರ್. ಅದರಲ್ಲಿ ಒಂದೂವರೆ ಕಿಲೋಮೀಟರಿನಷ್ಟು ಮಣ್ಣಿನ ಹಾದಿ ಬಿಟ್ಟರೆ ಉಳಿದದ್ದೆಲ್ಲ ಡಾಂಬರು. ಆ ಮಣ್ಣಿನ ಹಾದಿಯಲ್ಲಿ, ಅದರಲ್ಲೂ ಮಳೆ ಬಿದ್ದ ಮರುದಿನ, ನನಗಿಂತ ನೆಮ್ಮದಿಯಾಗಿ ಹೋಗುತ್ತಿದ್ದವರು ಯಾರೂ ಇರಲಿಲ್ಲ. ಉಳಿದ ಒಂಬತ್ತೂವರೆ ಕಿಲೋಮೀಟರಿನಲ್ಲಿ ನನ್ನನ್ನು ಹಿಂದೆ ಹಾಕದವರೂ ಇರಲಿಲ್ಲ. ಸಾಧಾರಣ ಫ್ಯಾಟ್ ಬೈಕ್ 14ರಿಂದ 17 ಕಿಲೋ ತೂಗುತ್ತದೆ, ಅದರಲ್ಲಿ ಒಂದೊಂದು ಟೈರೇ ಒಂದೂವರೆ ಕಿಲೋವರೆಗೆ ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ತೂಕ ಅಷ್ಟಾಗಿ ಕಾಡುವುದಿಲ್ಲ, ನಿಜ. ಆದರೆ ನಿಂತಲ್ಲಿಂದ ವೇಗ ಗಳಿಸುವಾಗ ಚಕ್ರದ ಅಂಚಿನಲ್ಲಿರುವ ಒಂದು ಕಿಲೋ, ಚೌಕಟ್ಟಿನಲ್ಲಿರುವ ಎರಡು ಕಿಲೋಗೆ ಸಮ. ಏಕೆಂದರೆ ಅದನ್ನು ಮುಂದಕ್ಕೂ ಒಯ್ಯಬೇಕು, ತಿರುಗಿಸಲೂ ಬೇಕು. ಸಿಗ್ನಲ್ಲುಗಳು ಹೆಚ್ಚಿರುವ ದಾರಿಯಲ್ಲಿ ಈ ಲೆಕ್ಕವನ್ನು ಪ್ರತಿ ಕೆಂಪು ದೀಪವೂ ತೊಡೆಗಳಿಗೆ ನೆನಪಿಸುತ್ತದೆ.

ಕೊಳ್ಳುವವರು ಸಾಮಾನ್ಯವಾಗಿ ಗಮನಿಸದ ಇನ್ನೊಂದು ಸಂಗತಿ ಪೆಡಲುಗಳ ನಡುವಿನ ಅಂತರ. ಅಷ್ಟು ದಪ್ಪ ಟೈರನ್ನು ತಪ್ಪಿಸಿ ಚೈನು ಹಾಯಬೇಕಾದ್ದರಿಂದ, ಪೆಡಲಿನ ಅಚ್ಚು ಕೂರುವ ಕೊಳವೆಯ ಅಗಲ ಸಾಮಾನ್ಯ ಸೈಕಲ್ಲಿನ 68 ಅಥವಾ 73 ಮಿಲಿಮೀಟರಿಗೆ ಬದಲಾಗಿ 100 ಮಿಲಿಮೀಟರ್ ಇರುತ್ತದೆ, ಹಾಗಾಗಿ ಕಾಲುಗಳು ಹೆಚ್ಚು ಅಗಲವಾಗಿ ನಿಲ್ಲುತ್ತವೆ. ಕೆಲವರ ದೇಹಕ್ಕೆ ಇದು ಏನೂ ಅಲ್ಲ. ನನ್ನ ಬಲಮಂಡಿ ಮಾತ್ರ ಎರಡನೆಯ ತಿಂಗಳಿನಲ್ಲೇ ದೂರು ಹೇಳತೊಡಗಿತು, ಸೀಟಿನ ಎತ್ತರವನ್ನು ಎಷ್ಟು ಬದಲಿಸಿದರೂ ಸುಮ್ಮನಾಗಲಿಲ್ಲ. ಕಚೇರಿಯ ಸೈಕಲ್ ಸ್ಟ್ಯಾಂಡಿನ ಸಂದಿಯಲ್ಲಿ ಚಕ್ರ ತೂರುತ್ತಿರಲಿಲ್ಲ ಎಂಬುದನ್ನು ಸಣ್ಣ ವಿಷಯವೆಂದು ಬಿಡುತ್ತೇನೆ.

ದಪ್ಪ ಟೈರಿಗೆ ಪಂಕ್ಚರ್ ಆಗುವುದಿಲ್ಲ, ಅದಿದ್ದರೆ ಸಸ್ಪೆನ್ಷನ್ ಬೇಕಿಲ್ಲ ಎಂಬ ಎರಡು ನಂಬಿಕೆಗಳನ್ನೂ ಇಲ್ಲಿ ಪ್ರಸ್ತಾಪಿಸಬೇಕು. ಟೈರು ಅಗಲವಾಗಿದೆಯೆಂದ ಮಾತ್ರಕ್ಕೆ ಅದರ ಗೋಡೆ ದಪ್ಪವಾಗಿರುವುದಿಲ್ಲ. ತೂಕ ಉಳಿಸಲು ಅದನ್ನು ತೆಳುವಾಗಿ ಮಾಡಿರುವುದೂ ಉಂಟು, ಅಗಲ ಹೆಚ್ಚಿದಷ್ಟೂ ಅದು ದಾರಿಯ ಹೆಚ್ಚು ಮುಳ್ಳುಗಳನ್ನು ತುಳಿಯುತ್ತದೆ. ಟ್ಯೂಬ್‌ಲೆಸ್ ಮಾಡಿಸಿ ಒಳಗೆ ಸೀಲಂಟ್, ಅಂದರೆ ಸಣ್ಣ ತೂತುಗಳನ್ನು ತಾನೇ ಮುಚ್ಚುವ ದ್ರವ, ಹಾಕಿಸಿದರೆ ಪರಿಸ್ಥಿತಿ ಬಹಳ ಸುಧಾರಿಸುತ್ತದೆ. ಸಸ್ಪೆನ್ಷನ್ನಿನ ಮಾತು ಅರ್ಧ ಸತ್ಯ. ಟೈರು ಸಣ್ಣಪುಟ್ಟ ಕುಲುಕಾಟವನ್ನು ನುಂಗುತ್ತದೆ, ಆದರೆ ಒಳ್ಳೆಯ ಸಸ್ಪೆನ್ಷನ್ ಫೋರ್ಕಿನಲ್ಲಿರುವಂತೆ ಪುಟಿತವನ್ನು ತಣಿಸುವ ವ್ಯವಸ್ಥೆ ಅದರಲ್ಲಿಲ್ಲ. ಗುಂಡಿಗಳ ಸಾಲಿನ ಮೇಲೆ ವೇಗವಾಗಿ ಹೋದರೆ ಅದು ಚೆಂಡಿನಂತೆ ಪುಟಿಯುತ್ತದೆ, ಎರಡನೆಯ ಗುಂಡಿಗಿಂತ ಮೂರನೆಯದರಲ್ಲಿ ಹೆಚ್ಚು.

ಸ್ಪರ್ಧೆಯ ಪ್ರಶ್ನೆಗೆ ಉತ್ತರ ಇನ್ನೂ ನೇರವಾಗಿದೆ. ಯಾವ ಸ್ಪರ್ಧೆ ಎಂದು ಮೊದಲು ಕೇಳಬೇಕು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮದಂತೆ ರಸ್ತೆ ಸ್ಪರ್ಧೆಯ ಸೈಕಲ್ಲಿನ ಚಕ್ರ, ಟೈರೂ ಸೇರಿದಂತೆ, 55ರಿಂದ 70 ಸೆಂಟಿಮೀಟರ್ ವ್ಯಾಸದೊಳಗಿರಬೇಕು. 26 ಅಂಗುಲದ ರಿಮ್ಮಿಗೆ ನಾಲ್ಕು ಅಂಗುಲದ ಟೈರು ಹಾಕಿದರೆ ವ್ಯಾಸ ಸುಮಾರು 74 ಸೆಂಟಿಮೀಟರಿಗೆ ಹೋಗುತ್ತದೆ. ಕೆಸರು, ಹುಲ್ಲು, ಅಡೆತಡೆಗಳ ಹಾದಿಯಲ್ಲಿ ನಡೆಯುವ ಸೈಕ್ಲೊಕ್ರಾಸ್ ಸ್ಪರ್ಧೆಯಲ್ಲಂತೂ ಟೈರಿನ ಅಗಲ 33 ಮಿಲಿಮೀಟರ್ ಮೀರುವಂತಿಲ್ಲ, ಫ್ಯಾಟ್ ಬೈಕಿನ ಟೈರು ಅದರ ಮೂರು ಪಟ್ಟು. ಈ ನಿಯಮಗಳನ್ನು ಅನುಸರಿಸುವ ಕೂಟಕ್ಕೆ ಫ್ಯಾಟ್ ಬೈಕ್ ಒಯ್ದರೆ ಗೆಲ್ಲುವ ಸೋಲುವ ಮಾತೇ ಬರುವುದಿಲ್ಲ. ಹವ್ಯಾಸಿಗಳ ಮುಕ್ತ ಸ್ಪರ್ಧೆಗಳಲ್ಲಿ ಅಷ್ಟು ಬಿಗಿ ಇರದೆ ಇರಬಹುದು. ನಾನು ಇಳಿದ ಮೊದಲನೆಯದು ಅಂಥದೇ, ಗಟ್ಟಿ ಮಣ್ಣಿನ 40 ಕಿಲೋಮೀಟರಿನ ಸ್ಪರ್ಧೆ. ಮೊದಲ ಏರಿನಲ್ಲೇ ಗುಂಪು ನನ್ನನ್ನು ಬಿಟ್ಟುಹೋಯಿತು, ಆಮೇಲೆ ಉಳಿದದ್ದು ಒಂಟಿ ಸವಾರಿ. ಎರಡನೆಯದರಲ್ಲಿ ಹಾದಿಯ ಮೂರನೆಯ ಒಂದು ಪಾಲು ಸಡಿಲ ಮರಳಾಗಿತ್ತು. ನನಗಿಂತ ಎಷ್ಟೋ ಬಲಶಾಲಿಗಳಾದ ಸವಾರರು ಅಲ್ಲಿ ಇಳಿದು ಸೈಕಲ್ಲನ್ನು ಹೆಗಲಿಗೇರಿಸಿಕೊಂಡಾಗ ನಾನು ಕುಳಿತಲ್ಲಿಂದ ಏಳದೆ ದಾಟಿದೆ. ಅದೇ ಸೈಕಲ್, ಅದೇ ಕಾಲು. ಬದಲಾದದ್ದು ನೆಲ ಮಾತ್ರ.

ಫ್ಯಾಟ್ ಬೈಕ್ ನಿಜವಾಗಿ ಅಗತ್ಯವಾಗುವ ಸ್ಪರ್ಧೆಗಳು ಇಲ್ಲವೆಂದಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಚಳಿಗಾಲದ ನಡುವೆ ನಡೆಯುವ ಆ್ಯರೋಹೆಡ್ 135 ಎಂಬ ಸ್ಪರ್ಧೆಯಲ್ಲಿ 135 ಮೈಲಿ, ಅಂದರೆ ಸುಮಾರು 217 ಕಿಲೋಮೀಟರ್ ಹಿಮದ ಹಾದಿಯನ್ನು ಸೈಕಲ್ಲಿನಲ್ಲೋ ಸ್ಕೀಯಲ್ಲೋ ಕಾಲ್ನಡಿಗೆಯಲ್ಲೋ ಕ್ರಮಿಸಬೇಕು, ಮತ್ತು ಅಲ್ಲಿಗೆ ಬರುವ ಸೈಕಲ್ ಸವಾರರು ಇದನ್ನೇ ನೆಚ್ಚಿಕೊಳ್ಳುತ್ತಾರೆ. ಅಂಥ ಗುರಿಯಿರುವವರು ಈ ಪತ್ರವನ್ನು ಓದಿ ಹಿಂಜರಿಯಬೇಕಾಗಿಲ್ಲ.

ಕೊಳ್ಳಬೇಕೋ ಬೇಡವೋ ಎಂದು ತೂಗಿನೋಡುತ್ತಿರುವವರಿಗೆ ನನ್ನ ವಿನಂತಿಯೆಂದರೆ, ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ತೀರ್ಮಾನಿಸಬೇಡಿ. ಅಷ್ಟು ದೂರಕ್ಕೆ ಈ ಸೈಕಲ್ ಎಲ್ಲರನ್ನೂ ನಗಿಸುತ್ತದೆ, ನನ್ನನ್ನೂ ನಗಿಸಿತ್ತು. ಬಾಡಿಗೆಗೋ ಎರವಲಾಗಿಯೋ ತಂದು, ನಿಮ್ಮದೇ ದಾರಿಯಲ್ಲಿ, ನೀವು ಹೊರುವ ಚೀಲವನ್ನೂ ಹೊತ್ತು, ಮೂರು ದಿನ ಬಿಡದೆ ತುಳಿಯಿರಿ. ಮೊದಲ ದಿನ 8, ಎರಡನೆಯ ದಿನ 14, ಮೂರನೆಯ ದಿನ 20 ಪಿಎಸ್ಐ ಇಟ್ಟು ನೋಡಿ. ಸಾಮಾನ್ಯ ಪಂಪಿನ ಮಾಪಕ ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸದ ಕಾರಣ ಕಡಿಮೆ ಒತ್ತಡದ ಮಾಪಕವನ್ನು ಬಳಸುವುದು ಲೇಸು. ನಿಮ್ಮ ಸವಾರಿಯ ಅರ್ಧದಷ್ಟಾದರೂ ಮರಳು, ಹಿಮ ಅಥವಾ ಕೆಸರಿನಲ್ಲಿ ಆಗುವುದಿದ್ದರೆ ಧೈರ್ಯವಾಗಿ ಕೊಳ್ಳಿ. ಅಷ್ಟಿಲ್ಲದಿದ್ದರೆ, ಎರಡೂಕಾಲು ಅಂಗುಲದ ಟೈರಿನ ಮೌಂಟನ್ ಬೈಕ್ ನಿಮ್ಮ ಒರಟು ಹಾದಿಯನ್ನು ಸಲೀಸಾಗಿ ದಾಟಿಸಿ, ಡಾಂಬರಿನ ಮೇಲೆ ನಿಮ್ಮ ಉಸಿರನ್ನೂ ಉಳಿಸುತ್ತದೆ.

ಈಗಾಗಲೇ ಕೊಂಡು ಪಶ್ಚಾತ್ತಾಪ ಪಡುತ್ತಿರುವವರಿಗೂ ಒಂದು ದಾರಿಯಿದೆ. ಹಲವು ಫ್ಯಾಟ್ ಬೈಕುಗಳ ಚೌಕಟ್ಟಿಗೆ, ಅದೇ ಅಗಲದ ಹಬ್ (ಚಕ್ರದ ನಡುಗುಂಬ) ಇಟ್ಟು ಕಟ್ಟಿಸಿದ, ಕಡಿಮೆ ದಪ್ಪದ ಟೈರಿನ 29 ಅಂಗುಲದ ಎರಡನೆಯ ಜೊತೆ ಚಕ್ರಗಳನ್ನು ಹಾಕಬಹುದು. ನಾನೂ ಕೊನೆಗೆ ಹಾಗೆಯೇ ಮಾಡಿ, ಡಾಂಬರಿನ ಮೇಲಿನ ಏದುಸಿರನ್ನು ಬಹುಮಟ್ಟಿಗೆ ತಗ್ಗಿಸಿಕೊಂಡೆ. ಆದರೆ ಚಕ್ರ ಬದಲಿಸಿದರೂ ಪೆಡಲುಗಳ ನಡುವಿನ ಅಂತರ ಮೊದಲಿನಷ್ಟೇ ಇರುತ್ತದೆಯಾದ್ದರಿಂದ, ಮಂಡಿನೋವಿನ ಕಾರಣಕ್ಕೆ ಬೇಸತ್ತವರು ಈ ವೆಚ್ಚಕ್ಕೆ ಇಳಿಯದೆ ಸೈಕಲ್ಲನ್ನೇ ಬದಲಿಸುವುದು ಒಳಿತು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹವ್ಯಾಸಿ ಸೈಕಲ್ ಸವಾರ